ನೀರು ಹೊಕ್ಕ ಫೋನು

ಕಳೆದ ವರ್ಷದ ಮಳೆಗಾಲದಲ್ಲಿ ನನ್ನ ಕೈಯಲ್ಲಿ ಒಂದು ಫೋನು ಕೆಟ್ಟಿತು. ಅದು ನನ್ನ ಸ್ವಂತದ್ದಾಗಿದ್ದರೆ ಆ ಸಂಗತಿಯನ್ನು ಇಲ್ಲಿ ಪ್ರಸ್ತಾಪಿಸುತ್ತಿರಲಿಲ್ಲ. ಪ್ರಾಯೋಗಿಕ ಪರೀಕ್ಷೆಗಳ ಕೆಲಸಕ್ಕಾಗಿ ಕಾಲೇಜಿನವರು ಕೊಟ್ಟಿದ್ದ ಫೋನು ಅದು. ಅಂಕಗಳನ್ನು ದಾಖಲಿಸುವಾಗ ಬೇಕಾಗುವ ಓಟಿಪಿ ಅದಕ್ಕೇ ಬರುತ್ತಿತ್ತು. ಅಷ್ಟೇ ಅಲ್ಲದೆ, ಪರೀಕ್ಷಕರು ರುಜು ಹಾಕಿದ್ದ ಪ್ರಯೋಗಪುಸ್ತಕಗಳ ಪುಟಗಳನ್ನೆಲ್ಲ ಚಿತ್ರ ತೆಗೆದು ಅದರಲ್ಲಿಯೇ ಇಟ್ಟಿದ್ದೆ. ಪುಸ್ತಕಗಳನ್ನು ಆಗಲೇ ಹಿಂದಿರುಗಿಸಿಯಾಗಿತ್ತು. ವಿದ್ಯಾರ್ಥಿಗಳು ರಜೆಗೆಂದು ತಮ್ಮ ತಮ್ಮ ಊರುಗಳಿಗೆ ಹೊರಟುಹೋಗಿದ್ದರು. ಆ ಚಿತ್ರಗಳ ಇನ್ನೊಂದು ಪ್ರತಿ ಎಲ್ಲಿಯೂ ಇರಲಿಲ್ಲ.

ಅನಾಹುತ ನಡೆದದ್ದು ತೀರ ಸಾಮಾನ್ಯವಾದ ರೀತಿಯಲ್ಲಿ. ನೀರಿನ ಬಾಟಲಿಯ ಮುಚ್ಚಳವನ್ನು ಸರಿಯಾಗಿ ತಿರುಗಿಸದೆ ಚೀಲದೊಳಗಿಟ್ಟು ಬಸ್ಸು ಹತ್ತಿದೆ. ಅರ್ಧ ಗಂಟೆಯ ಮೇಲೆ ಇಳಿದು ನೋಡಿದಾಗ ಚೀಲದ ತಳದಲ್ಲಿ ಎರಡು ಬೆರಳಷ್ಟು ನೀರು ನಿಂತಿತ್ತು. ಫೋನು ಅದರಲ್ಲಿ ಮಲಗಿತ್ತು. ಒರೆಸಿದೆ. ಪರದೆ ಬೆಳಗಿತು. ಸಂಸ್ಕೃತ ವಿಭಾಗದ ಮಿತ್ರರೊಬ್ಬರು, “ಮೊದಲು ಅದನ್ನು ಆಫ್ ಮಾಡಿ” ಎಂದರು. “ಚೆನ್ನಾಗಿಯೇ ಕೆಲಸ ಮಾಡುತ್ತಿದೆಯಲ್ಲ” ಎಂದು ಭೌತಶಾಸ್ತ್ರದ ಅಧ್ಯಾಪಕನಾದ ನಾನು ಉತ್ತರ ಕೊಟ್ಟೆ. ಆ ದಿನವೆಲ್ಲ ಅದು ಕೆಲಸ ಮಾಡಿತು. ರಾತ್ರಿ ಮನೆಯವರೆಲ್ಲ ಹೇಳಿದಂತೆ ಅದನ್ನು ಅಕ್ಕಿಯ ಡಬ್ಬದಲ್ಲಿ ಹೂತಿಟ್ಟು, ಬೆಳಗಿನ ಜಾವ ತೆಗೆದು ಚಾರ್ಜಿಗೆ ಹಾಕಿದೆ. ಏಳು ಗಂಟೆಯ ಹೊತ್ತಿಗೆ ಅದು ಸತ್ತಿತ್ತು.

ರಿಪೇರಿ ಅಂಗಡಿಯ ಯುವಕ ಅದರ ಬೆನ್ನು ಬಿಚ್ಚಿ, ಸೂಕ್ಷ್ಮದರ್ಶಕದ ಕೆಳಗಿಟ್ಟು, ನನ್ನನ್ನೂ ನೋಡಲು ಕರೆದ. ಚಾರ್ಜಿನ ತಂತಿ ಸೇರುವ ಬಾಯಿಯ ಪಕ್ಕದಲ್ಲಿ, ಹಳೆಯ ತಾಮ್ರದ ಚೊಂಬಿಗೆ ಹಿಡಿಯುವ ಕಿಲುಬಿನಂತೆ, ಹಸುರು ಬಣ್ಣದ ಹಕ್ಕಳೆ ಕಟ್ಟಿತ್ತು. “ನೀರು ಬಿದ್ದ ಮೇಲೆ ಚಾರ್ಜಿಗೆ ಹಾಕಿದ್ರಾ, ಸಾರ್?” ಎಂದು ಕೇಳಿದ. ಹಾಕಿದೆನೆಂದು ಒಪ್ಪಿಕೊಂಡೆ. “ಅದೇ ತಪ್ಪಾಗಿದ್ದು ಸಾರ್. ನೀರು ಏನೂ ಮಾಡಲ್ಲ, ಕರೆಂಟು ಮಾಡ್ತದೆ” ಎಂದ. ನಾನು ವರ್ಷ ವರ್ಷವೂ ತರಗತಿಯಲ್ಲಿ ಎರಡು ಗಂಟೆ ಹೇಳುವ ವಿಷಯವನ್ನು ಅವನು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದ್ದ. ಆ ವಾಕ್ಯದ ಅರ್ಥವನ್ನು ಸ್ವಲ್ಪ ವಿಸ್ತಾರವಾಗಿ ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ನೀರು ವಿದ್ಯುತ್ತನ್ನು ಹರಿಯಗೊಡುತ್ತದೆಯೆ? ಎಳೆಯ ಮಕ್ಕಳೂ ಹೌದೆನ್ನುತ್ತಾರೆ. ಆದರೆ ಪೂರ್ಣವಾಗಿ ಶುದ್ಧವಾದ ನೀರು ಬಹಳ ಕೆಟ್ಟ ವಾಹಕ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಅದರ ವಾಹಕತೆ ಒಂದು ಸೆಂಟಿಮೀಟರಿಗೆ 0.055 ಮೈಕ್ರೊಸೀಮೆನ್ಸ್ ಮಾತ್ರ. ಸಮುದ್ರದ ನೀರಿನ ವಾಹಕತೆ ಅದೇ ಮಾನದಲ್ಲಿ ಸುಮಾರು 50,000. ಎಂದರೆ ಹೆಚ್ಚುಕಡಮೆ ಹತ್ತು ಲಕ್ಷ ಪಾಲು ಹೆಚ್ಚು. ನಮ್ಮ ನಲ್ಲಿಗಳ ನೀರು ಇವೆರಡರ ನಡುವೆ ಎಲ್ಲಿಯೋ ಕೆಲವು ನೂರರ ಅಳತೆಯಲ್ಲಿ ನಿಲ್ಲುತ್ತದೆ. ಗಡಸಾದ ಕೊಳವೆಬಾವಿಯ ನೀರು ಸಾವಿರವನ್ನು ದಾಟುವುದೂ ಉಂಟು. ಈ ವ್ಯತ್ಯಾಸಕ್ಕೆಲ್ಲ ನೀರಿನಲ್ಲಿ ಕರಗಿದ ಲವಣಗಳು ಕಾರಣ. ಉಪ್ಪು ಕರಗಿದಾಗ ಅದು ಧನ ಮತ್ತು ಋಣ ವಿದ್ಯುದಂಶಗಳುಳ್ಳ ಅಯಾನುಗಳಾಗಿ ಒಡೆಯುತ್ತದೆ. ವಿದ್ಯುತ್ತನ್ನು ಹೊತ್ತು ನಡೆಯುವ ಕೂಲಿಗಳು ಈ ಅಯಾನುಗಳೇ.

ಹಾಗಾದರೆ ಮಳೆಯ ನೀರೋ ಬಟ್ಟಿಯಿಳಿಸಿದ ನೀರೋ ಬಿದ್ದರೆ ಚಿಂತೆಯಿಲ್ಲವೆ ಎಂದು ವಾಚಕರು ಕೇಳಬಹುದು. ಚಿಂತೆ ಕಡಮೆ, ಆದರೆ ಅಂಥ ನೀರು ಫೋನಿನೊಳಗೆ ಶುದ್ಧವಾಗಿಯೇ ಉಳಿಯುವುದಿಲ್ಲ. ಕೈಯ ಬೆವರಿನ ಉಪ್ಪು, ಜೇಬಿನ ದೂಳು, ಬೆಸುಗೆ ಹಾಕುವಾಗ ಉಳಿದ ದ್ರಾವಕದ ಅವಶೇಷ, ಇವೆಲ್ಲವನ್ನೂ ಅದು ಕರಗಿಸಿಕೊಳ್ಳುತ್ತದೆ. ಇನ್ನು ಕಾಫಿ, ಮಜ್ಜಿಗೆ, ಸಾರು ಇವುಗಳ ವಿಷಯ ಹೇಳಬೇಕಾದುದೇ ಇಲ್ಲ.

ವಿದ್ಯುತ್ತು ನೀರಿನಲ್ಲಿ ಹರಿಯುವುದಕ್ಕೂ ತಂತಿಯಲ್ಲಿ ಹರಿಯುವುದಕ್ಕೂ ಒಂದು ಮುಖ್ಯ ಭೇದವಿದೆ. ತಂತಿಯಲ್ಲಿ ಹರಿದ ವಿದ್ಯುತ್ತು ತಂತಿಯನ್ನು ಇದ್ದಂತೆಯೇ ಬಿಟ್ಟುಹೋಗುತ್ತದೆ. ನೀರಿನಲ್ಲಿ ಹರಿದ ವಿದ್ಯುತ್ತು ತಾನು ಹೊಕ್ಕ ಕಡೆಯಲ್ಲಿಯೂ ಹೊರಟ ಕಡೆಯಲ್ಲಿಯೂ ರಾಸಾಯನಿಕ ಬದಲಾವಣೆಯನ್ನು ಮಾಡಿಯೇ ತೀರುತ್ತದೆ. ಇದನ್ನು ಮೊದಲು ಕಂಡುಕೊಂಡದ್ದೂ ಒಂದು ಹನಿ ನೀರಿನ ದೆಸೆಯಿಂದಲೇ ಎಂಬುದು ಸ್ವಾರಸ್ಯವಾದ ಸಂಗತಿ. 1800ರಲ್ಲಿ ಇಟಲಿಯ ವೋಲ್ಟಾ ತನ್ನ ವಿದ್ಯುತ್ಕೋಶಗಳ ಕಂಬವನ್ನು ವರ್ಣಿಸಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದ. ಅದರ ಸುದ್ದಿಯನ್ನು ತಿಳಿದ ಆಂಟನಿ ಕಾರ್ಲೈಲ್ ಎಂಬ ಶಸ್ತ್ರವೈದ್ಯನೂ ವಿಲಿಯಂ ನಿಕಲ್ಸನ್ ಎಂಬ ಅವನ ಮಿತ್ರನೂ ಬೆಳ್ಳಿಯ ನಾಣ್ಯಗಳನ್ನೂ ಸತುವಿನ ಬಿಲ್ಲೆಗಳನ್ನೂ ಜೋಡಿಸಿ ಅಂಥದೇ ಕಂಬವನ್ನು ಕಟ್ಟಿದರು. ಮೇಲಿನ ಬಿಲ್ಲೆಗೂ ತಂತಿಗೂ ಸಂಪರ್ಕ ಚೆನ್ನಾಗಿ ಕೂಡಲೆಂದು ಅಲ್ಲಿ ಒಂದು ಹನಿ ನೀರನ್ನು ಇಟ್ಟರು. ತಂತಿಯ ಸುತ್ತ ಸಣ್ಣ ಗುಳ್ಳೆಗಳು ಏಳುತ್ತಿದ್ದುದು ಕಾರ್ಲೈಲನ ಕಣ್ಣಿಗೆ ಬಿತ್ತು.

ಕೂಡಲೇ ಅವರು ಒಂದು ಗಾಜಿನ ನಳಿಗೆಯಲ್ಲಿ ಊರಿಗೆ ಒದಗುತ್ತಿದ್ದ ಸಾಮಾನ್ಯ ನೀರನ್ನೇ ತುಂಬಿ, ಎರಡು ಕಡೆಯಿಂದ ಹಿತ್ತಾಳೆಯ ತಂತಿಗಳನ್ನು ತೂರಿಸಿ, ಕಂಬಕ್ಕೆ ಸೇರಿಸಿದರು. ಒಂದು ತಂತಿಯಿಂದ ಹೈಡ್ರೋಜನ್ ಗುಳ್ಳೆಗಳು ಹೊರಟುವು. ಇನ್ನೊಂದರಿಂದ ಏನೂ ಹೊರಡಲಿಲ್ಲ. ಅದಕ್ಕೆ ಬದಲಾಗಿ ಆ ತಂತಿ ಬಣ್ಣಗೆಟ್ಟು ಕಪ್ಪಾಗುತ್ತ ಬಂತು. ಹಿತ್ತಾಳೆಯ ಬದಲು ಪ್ಲಾಟಿನಮ್ ತಂತಿಗಳನ್ನು ಹಾಕಿದಾಗ ಮಾತ್ರ ಎರಡನೆಯದರಿಂದಲೂ ಅನಿಲ ಬಂತು, ಅದು ಆಮ್ಲಜನಕ. ಶಾಲೆಯ ಪುಸ್ತಕಗಳು ಈ ಪ್ಲಾಟಿನಮ್ ತಂತಿಯ ಪ್ರಯೋಗವನ್ನೇ ಹೇಳಿ, ಹಿತ್ತಾಳೆಯ ತಂತಿಯ ಗತಿಯನ್ನು ಬಿಟ್ಟುಬಿಡುತ್ತವೆ. ನಮಗೆ ಈಗ ಬೇಕಾದುದು ಬಿಟ್ಟುಬಿಟ್ಟ ಭಾಗ. ಏಕೆಂದರೆ ಫೋನಿನೊಳಗೆ ಹೆಚ್ಚಾಗಿ ಇರುವುದು ಪ್ಲಾಟಿನಮ್ ಅಲ್ಲ; ತಾಮ್ರ, ತವರ, ನಿಕಲ್, ಅಲ್ಲಲ್ಲಿ ಸ್ವಲ್ಪ ಬೆಳ್ಳಿ, ಮತ್ತು ಸಂಪರ್ಕಗಳ ಮೇಲೆ ತೆಳುವಾದ ಚಿನ್ನದ ಲೇಪ.

ನೀರು ವಿದ್ಯುತ್ತಿನಿಂದ ವಿಭಜನೆ ಹೊಂದಬೇಕಾದರೆ ಕನಿಷ್ಠ 1.23 ವೋಲ್ಟಿನ ವಿಭವಾಂತರ ಬೇಕು. ಫೋನಿನ ಬ್ಯಾಟರಿ ಸುಮಾರು 4 ವೋಲ್ಟಿನದು. ಚಾರ್ಜಿಗೆ ಹಾಕಿದಾಗ ಅದರ ಬಾಯಿಗೆ ಬರುವುದು 5 ವೋಲ್ಟು. ಶೀಘ್ರ ಚಾರ್ಜರಾದರೆ 9 ಅಥವಾ ಅದಕ್ಕೂ ಹೆಚ್ಚು. ಹೀಗೆ ನಿಕಲ್ಸನ್ ಮತ್ತು ಕಾರ್ಲೈಲರ ಪ್ರಯೋಗವನ್ನು ನಡೆಸಲು ಬೇಕಾದ ಸಲಕರಣೆಗಳೆಲ್ಲ ಫೋನಿನಲ್ಲಿ ಮೊದಲೇ ಸಿದ್ಧವಾಗಿರುತ್ತವೆ. ಕೊರತೆಯಿದ್ದುದು ನೀರೊಂದೇ.

ಹಾನಿ ಎಷ್ಟು ಬೇಗ ಆಗಬಹುದೆಂಬುದನ್ನು ಲೆಕ್ಕ ಹಾಕಿ ನೋಡೋಣ. ಚಾರ್ಜಿನ ಬಾಯಿಯಲ್ಲಿ ಒಂದರ ಪಕ್ಕದಲ್ಲೊಂದು ಇರುವ ಲೋಹದ ಕಡ್ಡಿಗಳ ನಡುವಣ ಅಂತರ ಅರ್ಧ ಮಿಲಿಮೀಟರಿನಷ್ಟು. ಅಲ್ಲಿ ಅರ್ಧ ಮಿಲಿಮೀಟರಿನ ಘನಾಕೃತಿಯ ನಲ್ಲಿ ನೀರು ಸಿಕ್ಕಿಕೊಂಡಿದೆಯೆಂದೂ ಅದರ ವಾಹಕತೆ 500 ಮೈಕ್ರೊಸೀಮೆನ್ಸ್ ಎಂದೂ ಇಟ್ಟುಕೊಂಡರೆ, ಅದರ ರೋಧ ಸುಮಾರು 40,000 ಓಮ್ ಆಗುತ್ತದೆ. 4 ವೋಲ್ಟಿನಲ್ಲಿ ಅರ್ಧವನ್ನು ಲೋಹದ ಮೇಲ್ಮೈಯಲ್ಲಿ ನಡೆಯುವ ಕ್ರಿಯೆಗಳಿಗೇ ಬಿಟ್ಟುಕೊಟ್ಟರೂ, ಉಳಿದ 2 ವೋಲ್ಟಿನಿಂದ 0.05 ಮಿಲಿಆಂಪಿಯರ್ ಹರಿಯುತ್ತದೆ. ಇದು ಎಷ್ಟು ಅಲ್ಪವೆಂದರೆ ಫೋನಿಗೆ ಗೊತ್ತೂ ಆಗುವುದಿಲ್ಲ. ಪರದೆ ಎಂದಿನಂತೆ ಬೆಳಗುತ್ತದೆ. ನಾನು “ಚೆನ್ನಾಗಿಯೇ ಕೆಲಸ ಮಾಡುತ್ತಿದೆಯಲ್ಲ” ಎಂದದ್ದು ಇದರಿಂದಲೇ.

ಆದರೆ ಫ್ಯಾರಡೆಯ ನಿಯಮ ಅಲ್ಪವಾದುದನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. 1 ಮಿಲಿಆಂಪಿಯರ್ ಪ್ರವಾಹ ಒಂದು ಗಂಟೆ ಹರಿದರೆ ಧನಾಗ್ರದಿಂದ ಸುಮಾರು 1.19 ಮಿಲಿಗ್ರಾಮ್ ತಾಮ್ರ ಕರಗುತ್ತದೆ. ನಮ್ಮ 0.05 ಮಿಲಿಆಂಪಿಯರಿಗೆ ಅದು 0.06 ಮಿಲಿಗ್ರಾಮ್. ಒಂದು ಚಿಟಿಕೆಯೂ ಅಲ್ಲ! ಆದರೆ ಫೋನಿನ ಬೋರ್ಡಿನ ಮೇಲೆ ವಿದ್ಯುತ್ತನ್ನು ಒಯ್ಯುವುದು ತಂತಿಯಲ್ಲ, ತಾಮ್ರದ ತೆಳುಗೆರೆ. ಆ ಗೆರೆಯ ಅಗಲ 0.1 ಮಿಲಿಮೀಟರ್, ದಪ್ಪ 0.02 ಮಿಲಿಮೀಟರ್ ಎಂದಿಟ್ಟುಕೊಂಡರೆ, 0.06 ಮಿಲಿಗ್ರಾಮ್ ತಾಮ್ರವೆಂದರೆ ಮೂರು ಮಿಲಿಮೀಟರಿಗೂ ಹೆಚ್ಚು ಉದ್ದದ ಗೆರೆ. ಗೆರೆ ತುಂಡಾಗಲು ಅಷ್ಟು ಬೇಕಿಲ್ಲ, ಒಂದೆಡೆ 0.1 ಮಿಲಿಮೀಟರ್ ಸವೆದರೆ ಸಾಕು. ಅದಕ್ಕೆ ಹಿಡಿಯುವ ಕಾಲ ಎರಡು ನಿಮಿಷ. ಪ್ರವಾಹದಲ್ಲಿ ಒಂದು ಪಾಲು ಆಮ್ಲಜನಕವನ್ನು ಬಿಡಿಸುವುದರಲ್ಲಿ ವ್ಯಯವಾಗುವುದರಿಂದಲೂ, ಗೆರೆಗಳ ಮೇಲೆ ರಕ್ಷಕ ಲೇಪವಿರುವುದರಿಂದಲೂ, ನಿಜವಾಗಿ ಇಷ್ಟು ಬೇಗ ಆಗದಿರಬಹುದು. ನಿಮಿಷಗಳು ಗಂಟೆಗಳಾಗಬಹುದು. ನಾನಂತೂ ಅದಕ್ಕೆ ಒಂದು ಹಗಲನ್ನೂ ಒಂದು ರಾತ್ರಿಯನ್ನೂ ಕೊಟ್ಟಿದ್ದೆ.

ಕರಗಿದ ಲೋಹ ಎಲ್ಲಿಗೆ ಹೋಗುತ್ತದೆ? ಸ್ವಲ್ಪ ಭಾಗ ನೀರಿನ ಕ್ಲೋರೈಡುಗಳೊಡನೆಯೂ ಗಾಳಿಯ ಕಾರ್ಬನ್ ಡೈಆಕ್ಸೈಡಿನೊಡನೆಯೂ ಕೂಡಿ ಆ ಹಸುರು ಹಕ್ಕಳೆಯಾಗುತ್ತದೆ. ಉಳಿದದ್ದು ಅಯಾನುಗಳಾಗಿ ನೀರಿನಲ್ಲಿ ನಡೆದು ಋಣಾಗ್ರವನ್ನು ಮುಟ್ಟಿ, ಅಲ್ಲಿ ಮತ್ತೆ ಲೋಹವಾಗಿ ಕೂಡುತ್ತದೆ. ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ತಾಮ್ರದ ತಂತಿಯನ್ನಿಟ್ಟಾಗ ಬೆಳ್ಳಿಯು ಗಿಡದಂತೆ ಕವಲೊಡೆದು ಬೆಳೆಯುವುದನ್ನು ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ ಹಲವರು ನೋಡಿರಬಹುದು. ಫೋನಿನೊಳಗಿನ ಲೋಹವೂ ಜರೀಗಿಡದ ಎಲೆಯಂತೆ ಕವಲು ಕವಲಾಗಿ ಋಣಾಗ್ರದಿಂದ ಧನಾಗ್ರದ ಕಡೆಗೆ ಬೆಳೆಯುತ್ತ ಬರುತ್ತದೆ. ಒಂದು ಕವಲು ಆಚೆಯ ದಡವನ್ನು ಮುಟ್ಟಿದ ಕ್ಷಣವೇ ನೀರಿನ ಹಾದಿಯ ಬದಲು ಲೋಹದ ಹಾದಿಯೇ ಏರ್ಪಟ್ಟು ಮಂಡಲ ಹ್ರಸ್ವವಾಗುತ್ತದೆ. ನೀರು ಆರಿದ ಮೇಲೂ ಈ ಕವಲುಗಳು ಉಳಿಯುತ್ತವೆ. “ಒಣಗಿದ ಮೇಲೆ ಸರಿಹೋಗಿತ್ತು, ವಾರದ ಮೇಲೆ ತಾನಾಗಿಯೇ ಕೆಟ್ಟಿತು” ಎಂದು ಅನೇಕರು ಹೇಳುವುದಕ್ಕೆ, ಈ ಕವಲುಗಳೂ, ಹಿಂದೆ ಉಳಿದು ಗಾಳಿಯ ತೇವವನ್ನು ಹೀರುತ್ತಿರುವ ಲವಣಗಳೂ ಕಾರಣ.

ಆದುದರಿಂದ ಮೊದಲು ಮಾಡತಕ್ಕ ಕೆಲಸ ಒಣಗಿಸುವುದಲ್ಲ, ವಿದ್ಯುತ್ತನ್ನು ನಿಲ್ಲಿಸುವುದು. ಚಾರ್ಜಿನಲ್ಲಿದ್ದರೆ ಗೋಡೆಯ ಸ್ವಿಚ್ಚನ್ನು ಮೊದಲು ಆರಿಸಿ ಆಮೇಲೆ ತಂತಿಯನ್ನು ಕೀಳಬೇಕು. ತತ್‌ಕ್ಷಣವೇ ಫೋನನ್ನು ಪೂರ್ಣವಾಗಿ ಆಫ್ ಮಾಡಬೇಕು. ಪರದೆ ಆರಿದರೆ ಸಾಲದು. ಕೆಲಸ ಮಾಡುತ್ತದೆಯೋ ಇಲ್ಲವೋ ಎಂದು ಪರೀಕ್ಷಿಸುವ ಆಸೆಯನ್ನು ತಡೆದುಕೊಳ್ಳುವುದು ಎಲ್ಲಕ್ಕಿಂತ ಕಷ್ಟ. ಹಿಂದಿನ ಫೋನುಗಳಲ್ಲಿ ಹಿಂಬದಿಯ ಮುಚ್ಚಳ ತೆಗೆದು ಬ್ಯಾಟರಿಯನ್ನೇ ಈಚೆಗೆ ತೆಗೆಯಬಹುದಾಗಿತ್ತು. ಈಗಿನ ಬಹುಪಾಲು ಫೋನುಗಳಲ್ಲಿ ಅದನ್ನು ಒಳಗೆ ಅಂಟಿಸಿಟ್ಟಿರುತ್ತಾರೆ. ಆಫ್ ಮಾಡಿದ ಮೇಲೂ ಬ್ಯಾಟರಿಗೆ ನೇರವಾಗಿ ಸೇರಿದ ಕೆಲವು ಭಾಗಗಳಲ್ಲಿ ವಿದ್ಯುತ್ತು ಇದ್ದೇ ಇರುತ್ತದೆ. ಆ ಸಂಪರ್ಕವನ್ನು ಬಿಡಿಸುವುದು ಬೆನ್ನು ಬಿಚ್ಚಬಲ್ಲವನಿಂದ ಮಾತ್ರ ಸಾಧ್ಯ. ಅಂಗಡಿಗೆ ನಾಳೆ ಹೋಗುವುದಕ್ಕಿಂತ ಇಂದೇ ಹೋಗುವುದು ಮೇಲೆನ್ನುವುದು ಇದಕ್ಕಾಗಿ.

ಇನ್ನು ಒಣಗಿಸುವ ವಿಷಯ. ಒದ್ದೆಯಾದ ಫೋನನ್ನು ಕೊಡವುವುದು ಎಲ್ಲರೂ ಮಾಡುವ ಕೆಲಸ. ಬಾಯಿಯ ಬಳಿಯಿರುವ ದೊಡ್ಡ ಹನಿಗಳು ಅದರಿಂದ ಬೀಳುತ್ತವೆ. ಆದರೆ ಬೋರ್ಡಿಗೂ ಅದರ ಮೇಲೆ ಕೂರಿಸಿದ ಚಿಪ್ಪುಗಳಿಗೂ ನಡುವೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟೋ ಅದಕ್ಕೂ ಕಡಮೆಯೋ ಸಂದಿಯಿರುತ್ತದೆ. ಲೋಮನಾಳದಲ್ಲಿ ನೀರು ತಾನಾಗಿಯೇ ಮೇಲೇರುವುದನ್ನು ನಾವು ಬಲ್ಲೆವು. ಹೀಗೆ 0.1 ಮಿಲಿಮೀಟರ್ ಅಂತರದಲ್ಲಿ ನಿಂತ, ಚೆನ್ನಾಗಿ ನೆನೆಯತಕ್ಕ ಎರಡು ಹಲಗೆಗಳ ನಡುವೆ ನೀರಿನ ಮೇಲ್ಮೈ ಎಳೆತ ನೀರನ್ನು ಸುಮಾರು 15 ಸೆಂಟಿಮೀಟರ್ ಎತ್ತರಕ್ಕೆ ಎತ್ತಬಲ್ಲುದು. ಒಂದು ಫೋನಿನ ಉದ್ದವೂ ಹೆಚ್ಚುಕಡಮೆ ಅಷ್ಟೇ. ಎಂದರೆ ಫೋನನ್ನು ತಲೆಕೆಳಗಾಗಿ ಹಿಡಿದರೂ ಈ ಸಂದಿಗಳ ನೀರು ಇಳಿದು ಬರುವುದಿಲ್ಲ. ಜೋರಾಗಿ ಕೊಡವಿದರೆ ಇನ್ನೂ ಒಣಗಿರುವ ಭಾಗಗಳಿಗೆ ಅದು ಹರಡುವ ಸಂಭವವೇ ಹೆಚ್ಚು. ಬಾಯಿ ಕೆಳಗಾಗಿ ನಿಲ್ಲಿಸಿ, ಅಂಗೈಗೆ ಮೆಲ್ಲಗೆ ತಟ್ಟಿ, ಒರೆಸಿ, ಸಿಮ್ಮಿನ ತಟ್ಟೆಯನ್ನು ತೆಗೆದಿಟ್ಟರೆ ಸಾಕು.

ಸಂದಿಯಲ್ಲಿ ಉಳಿದ ನೀರು ಆವಿಯಾಗಿಯೇ ಹೋಗಬೇಕು. ಆವಿ ಹೋಗಲು ಹಾದಿ ಬೇಕು. ಒಂದು ಚದರ ಮಿಲಿಮೀಟರಿನ ಒಂದು ಬಾಯಿ, ಅದರ ಹಿಂದೆ ಒಂದು ಸೆಂಟಿಮೀಟರ್ ಉದ್ದದ ಹಾದಿ ಎಂದು ಊಹಿಸಿಕೊಳ್ಳಿ. ಮಳೆಗಾಲದ ಕೊಠಡಿಯಲ್ಲಿ 25 ಡಿಗ್ರಿ ಉಷ್ಣತೆ, ನೂರಕ್ಕೆ 70ರಷ್ಟು ಸಾಪೇಕ್ಷ ಆರ್ದ್ರತೆ ಇದ್ದಾಗ ಈ ಹಾದಿಯಲ್ಲಿ ವಿಸರಣೆಯಿಂದ ಹೊರಬೀಳುವ ಆವಿ ದಿನಕ್ಕೆ ಸುಮಾರು 1.5 ಮಿಲಿಗ್ರಾಮ್. ಒಂದು ಹನಿಯ ತೂಕ 50 ಮಿಲಿಗ್ರಾಮ್. ಲೆಕ್ಕ ಹಾಕಿದರೆ, ಒಂದು ಹನಿ ಆರಲು ಒಂದು ತಿಂಗಳು! ನಿಜವಾದ ಫೋನಿಗೆ ಇಂಥ ಬಾಯಿಗಳು ಹಲವಿರುವುದರಿಂದ ಕಾಲ ಇಷ್ಟಾಗಲಾರದು. ಆದರೂ ಒಂದು ರಾತ್ರಿಯ ಮಾತಲ್ಲವೆಂಬುದು ಸ್ಪಷ್ಟ.

ಇಲ್ಲಿ ಅಕ್ಕಿ ಮಾಡುವ ಸಹಾಯವೇನು? ಅಕ್ಕಿ ತೇವವನ್ನು ಹೀರುವುದು ನಿಜ. ಆದರೆ ಡಬ್ಬದಲ್ಲಿಟ್ಟ ಅಕ್ಕಿಯ ತೂಕದಲ್ಲಿ ನೂರಕ್ಕೆ 12ರಿಂದ 14 ಪಾಲು ಆಗಲೇ ನೀರಿರುತ್ತದೆ. ಅಂಥ ಅಕ್ಕಿಯ ಕಾಳುಗಳ ನಡುವಣ ಗಾಳಿಯ ಆರ್ದ್ರತೆ ನೂರಕ್ಕೆ 60-70ರ ಸುಮಾರಿನಲ್ಲಿ ನಿಲ್ಲುತ್ತದೆ. ಹೊರಗಿನ ಕೊಠಡಿಯ ಗಾಳಿಯೂ ಅಷ್ಟೇ. ಮೇಲಾಗಿ ಡಬ್ಬದೊಳಗೆ ಗಾಳಿಯ ಚಲನೆಯಿಲ್ಲ. ಫ್ಯಾನಿನ ಕೆಳಗೆ ಬರಿಯ ಮೇಜಿನ ಮೇಲಿಟ್ಟರೂ ಇದಕ್ಕಿಂತ ಕಡಮೆಯೇನೂ ಆಗುವುದಿಲ್ಲ. ಅಕ್ಕಿಯ ನುಚ್ಚೂ ಹಿಟ್ಟೂ ಬಾಯಿಯೊಳಗೆ ಸೇರಿ ಒದ್ದೆಯೊಡನೆ ಅಂಟಾಗುವುದೊಂದು ಹೆಚ್ಚಿನ ಉಪದ್ರವ. ಆ್ಯಪಲ್ ಕಂಪೆನಿ ತನ್ನ ಗ್ರಾಹಕರಿಗೆ ಕೊಟ್ಟ ಸೂಚನೆಯಲ್ಲಿ, ಫೋನನ್ನು ಅಕ್ಕಿಯ ಚೀಲದಲ್ಲಿ ಇಡಬೇಡಿರೆಂದು ಈ ಕಾರಣಕ್ಕಾಗಿಯೇ ಹೇಳಿರುವುದು 2024ರಲ್ಲಿ ಸುದ್ದಿಯಾಯಿತು. ಸಿಲಿಕಾ ಜೆಲ್ ಇದಕ್ಕಿಂತ ಉತ್ತಮ. ಅದು ಸುತ್ತಲ ಗಾಳಿಯನ್ನು ನಿಜವಾಗಿ ಒಣಗಿಸುತ್ತದೆ. ನಮ್ಮ ಲೆಕ್ಕದ ಒಂದು ತಿಂಗಳು ಆಗ ಹತ್ತು ದಿನಕ್ಕೆ ಇಳಿಯುತ್ತದೆ. ಬೆನ್ನನ್ನೇ ಬಿಚ್ಚಿಟ್ಟರೆ ಗಂಟೆಗಳ ಕೆಲಸ.

ಕೂದಲೊಣಗಿಸುವ ಯಂತ್ರದ ಬಿಸಿಗಾಳಿಯನ್ನು ಹಿಡಿಯುವುದು, ಒಲೆಯ ಬಳಿ ಇಡುವುದು, ಬಿಸಿಲಿಗಿಡುವುದು ಅಪಾಯಕರ. ಲಿಥಿಯಮ್ ಬ್ಯಾಟರಿ ಶಾಖವನ್ನು ಸಹಿಸುವುದಿಲ್ಲ. ನೀರು ಹೊಕ್ಕ ಫೋನಿನ ಬ್ಯಾಟರಿ ಉಬ್ಬಿದ್ದರಂತೂ ಅದನ್ನು ಮುಟ್ಟದೆ ದೂರವಿಡುವುದು ಕ್ಷೇಮ.

ಒಣಗಿದ ಮಾತ್ರಕ್ಕೆ ಕೆಲಸ ಮುಗಿಯಿತೆಂದೂ ತಿಳಿಯಬಾರದು. ನೀರು ಹೋಗುತ್ತದೆ, ಅದು ತಂದ ಉಪ್ಪು ಹೋಗುವುದಿಲ್ಲ. ಪಾತ್ರೆಯಲ್ಲಿ ಕಾಯಿಸಿದ ಗಡಸು ನೀರು ತಳದಲ್ಲಿ ಬಿಳಿಯ ಪದರವನ್ನು ಬಿಡುವುದನ್ನು ಪ್ರತಿ ಮನೆಯಲ್ಲಿಯೂ ನೋಡಬಹುದು. ಅಂಗಡಿಯ ಯುವಕ ಬೋರ್ಡನ್ನು ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ ಮೃದುವಾದ ಬ್ರಷ್ಷಿನಿಂದ ಉಜ್ಜಿದ. ಈ ದ್ರವ ನೀರಿನೊಡನೆ ಎಷ್ಟು ಬೇಕಾದರೂ ಬೆರೆಯುತ್ತದೆ. ಇದರ ಮೇಲ್ಮೈ ಎಳೆತ ನೀರಿನದರ ಮೂರನೆಯ ಒಂದು ಪಾಲಿಗಿಂತ ಕಡಮೆಯಾದುದರಿಂದ ಸಂದಿಗಳೊಳಗೆ ಸುಲಭವಾಗಿ ಹರಡುತ್ತದೆ. ಬೇಗ ಆರುತ್ತದೆ, ಹಿಂದೆ ಏನನ್ನೂ ಬಿಡುವುದಿಲ್ಲ. ಉಪ್ಪನ್ನು ಕರಗಿಸುವ ಶಕ್ತಿ ಮಾತ್ರ ಅದಕ್ಕೆ ಕಡಮೆ. ಅಲ್ಲಿ ಬ್ರಷ್ಷಿನ ಶ್ರಮವೇ ಬೇಕು.

ನೀರು ಹೊಗದ ಫೋನುಗಳ ಮಾತನ್ನೂ ಒಂದಿಷ್ಟು ಹೇಳಬೇಕು. ಅವುಗಳ ಮೇಲೆ ಐಪಿ 67, ಐಪಿ 68 ಎಂಬ ಗುರುತುಗಳಿರುತ್ತವೆ. ಮೊದಲನೆಯ ಅಂಕಿ ದೂಳಿಗೆ, ಎರಡನೆಯದು ನೀರಿಗೆ ಸಂಬಂಧಿಸಿದ್ದು. 7 ಎಂದರೆ ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ ತಡೆದೀತೆಂದು ಅರ್ಥ. 8 ಎಂದರೆ ಅದಕ್ಕಿಂತ ಕಠಿಣವಾದ, ತಯಾರಕನೇ ಹೇಳಿದ ಷರತ್ತು. ಈ ಪರೀಕ್ಷೆಗಳು ಹೊಸ ಫೋನಿಗೆ, ಸಿಹಿನೀರಿನಲ್ಲಿ, ನಿಶ್ಚಲವಾಗಿ ನಡೆದವು. ಸಾಬೂನಿನ ನೀರು, ಬಿಸಿನೀರು, ಸಮುದ್ರದ ಅಲೆ ಇವುಗಳಿಗೆ ಆ ಭರವಸೆ ಅನ್ವಯಿಸುವುದಿಲ್ಲ; ಒಮ್ಮೆ ಕೆಳಗೆ ಬಿದ್ದ, ಒಮ್ಮೆ ಬಿಚ್ಚಿ ಮುಚ್ಚಿದ ಫೋನಿನ ಅಂಚಿನ ಅಂಟು ಮೊದಲಿನಂತೆ ಇರುವುದೂ ಇಲ್ಲ. ನನ್ನ ಕೈಯಲ್ಲಿದ್ದುದಕ್ಕೆ ಇಂಥ ಗುರುತು ಯಾವುದೂ ಇರಲಿಲ್ಲ.

ನೆನಪಿನ ಚಿಪ್ಪನ್ನು ಕಿತ್ತು ಬೇರೆ ಫೋನಿಗೆ ಹಾಕಿ ಚಿತ್ರಗಳನ್ನು ಪಡೆಯಬಹುದಲ್ಲವೆ ಎಂದು ನಾನು ಆ ಯುವಕನನ್ನು ಕೇಳಿದೆ. ಸಾಧ್ಯವಿಲ್ಲವೆಂದ. ಈಗಿನ ಫೋನುಗಳಲ್ಲಿ ಮಾಹಿತಿಯೆಲ್ಲ ಗೂಢಲಿಪಿಯಲ್ಲಿರುತ್ತದೆ. ಅದನ್ನು ಬಿಡಿಸುವ ಕೀಲಿ ಅದೇ ಬೋರ್ಡಿನ ಸಂಸ್ಕಾರಕಕ್ಕೆ ಕಟ್ಟುಬಿದ್ದಿರುತ್ತದೆ. ಬೋರ್ಡಿಗೆ ಜೀವ ಬಂದರೆ ಮಾತ್ರ ಚಿತ್ರಗಳಿಗೂ ಜೀವ. ಅವನು ಸವೆದ ಒಂದು ಗೆರೆಯ ಜಾಗದಲ್ಲಿ ಕೂದಲಿಗಿಂತ ತೆಳುವಾದ ತಂತಿಯನ್ನು ಬೆಸೆದ, ಚಾರ್ಜಿನ ಬಾಯಿಯನ್ನೇ ಬದಲಾಯಿಸಿದ. ಮೂರನೆಯ ದಿನ ಸಂಜೆ ಫೋನು ಎದ್ದಿತು. ಮುಕ್ಕಾಲು ಗಂಟೆ ಬದುಕಿತ್ತು. ಅಷ್ಟರಲ್ಲಿ ಚಿತ್ರಗಳನ್ನೆಲ್ಲ ಬೇರೆಡೆಗೆ ಪ್ರತಿಮಾಡಿಕೊಂಡೆವು. ಕೊನೆಯ ಹನ್ನೊಂದು ಬರಲಿಲ್ಲ. ಆ ವಿದ್ಯಾರ್ಥಿಗಳಿಗೆ ಒಬ್ಬೊಬ್ಬರಿಗೂ ಕರೆಮಾಡಿ ಪುಟಗಳನ್ನು ಮತ್ತೆ ಕಳುಹಿಸಿರೆಂದು ಕೇಳಿಕೊಳ್ಳಬೇಕಾಯಿತು.

ಫೋನನ್ನು ಹಿಂದಿರುಗಿಸಿದಾಗ ಕಚೇರಿಯವರು ಸಿಮ್ಮಿನ ತಟ್ಟೆ ತೆಗೆದು ಒಳಗೆ ದೀಪ ಬಿಟ್ಟು ನೋಡಿದರು. ಅಲ್ಲಿ ಅಂಟಿಸಿರುವ ಬಿಳಿಯ ಚೀಟಿ, ನೀರು ತಗುಲಿದರೆ ಆಗಬೇಕಾದಂತೆ, ಕೆಂಪಾಗಿತ್ತು. ದಾಸ್ತಾನು ಪುಸ್ತಕದಲ್ಲಿ “ನೀರಿನಿಂದ ಹಾಳಾದುದು” ಎಂದು ಬರೆದುಕೊಂಡರು. ‘ನೀರಿನಿಂದ’ ಎಂಬ ಮಾತನ್ನು ತಿದ್ದಿಸಬೇಕೆಂದು ಒಂದು ಕ್ಷಣ ಅನ್ನಿಸಿತು. ತಿದ್ದಿಸಿದ್ದರೆ ಅಲ್ಲಿ ನನ್ನ ಹೆಸರನ್ನೇ ಬರೆಯಬೇಕಾಗುತ್ತಿತ್ತು. ಅದರ ಬೆಲೆಯನ್ನು ಎರಡು ತಿಂಗಳ ಸಂಬಳದಲ್ಲಿ ಮುರಿದುಕೊಂಡರು.